ಟ್ಯೂಬ್ ಬ್ಯಾಂಡಿನ ಯಾವ ಹಾಡು ಕಲಿಯಲಿ ಅನ್ನೋದಕ್ಕಿಂತ, ಅದು ಯಾರ ಹಾಡು ಅಂತ ಕೇಳಿ

ಕೆಲಸಕ್ಕೆ ಜಪಾನಿನ ಯೊಕೊಹಾಮಾಕ್ಕೆ ಹೋಗುತ್ತಿದ್ದೀರಿ. ಆಫೀಸಿನವರ ಜೊತೆ ಕರೋಕೆಯಲ್ಲಿ ಹಾಡಲು ಅಲ್ಲಿನ ರಾಕ್ ಬ್ಯಾಂಡ್ ಟ್ಯೂಬ್‌ನ ಹತ್ತು ಫೇಮಸ್ ಹಾಡು ಬೇಕು ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನ ಹಳೇ ನೋಟ್‌ಬುಕ್ ನೆನಪಾಯಿತು. ನಾನೂ ಹೀಗೇ ಪಟ್ಟಿ ಹಿಡಿದುಕೊಂಡು ಹೋದವನು.

ನಾನು ಅಲ್ಲಿ ಇಳಿದದ್ದು ಜೂನ್‌ನಲ್ಲಿ. ಬಿಡದೆ ಮಳೆ. ನಮ್ಮಲ್ಲಿ ಮಳೆ ಬಂದರೆ ಬೇಸಿಗೆ ಮುಗಿಯಿತು ಅಂತ ಲೆಕ್ಕ, ಅಲ್ವಾ? ಅಲ್ಲಿ ಮಳೆ ಮುಗಿದ ಮೇಲೆಯೇ ಬೇಸಿಗೆ. ಆ ಮಳೆಗಾಲಕ್ಕೆ ‘ತ್ಸುಯು’ ಅಂತಾರೆ. ಜುಲೈ ನಡುವಿನ ಹೊತ್ತಿಗೆ ಅದು ಹೋಗಿ, ಬಿಸಿಲು ಬಿದ್ದು, ಮರಗಳಲ್ಲಿ ಜೀರುಂಡೆ ಕೂಗಲು ಶುರುವಾಗುತ್ತದೆ. ಆಗಸ್ಟ್ ಮುಗಿಯುವವರೆಗೆ ಮಕ್ಕಳಿಗೆ ರಜೆ. ಟ್ಯೂಬ್ ಹಾಡುಗಳು ಆ ಆರೇಳು ವಾರಗಳ ಹಾಡುಗಳು. 1986ರ ‘ಸೀಸನ್ ಇನ್ ದ ಸನ್’ ಅಂತೂ ಈ ಕಾಲ ಇಲ್ಲೇ ನಿಂತುಬಿಡಲಿ ಅಂತ ಬೇಡುವ ಹಾಡು. ಅದರ ಟ್ಯೂನ್ ಮಾಡಿದ್ದು ಬ್ಯಾಂಡಿನವರಲ್ಲ, ಒದ ತೆತ್ಸುರೋ ಅನ್ನೋ ಸಂಗೀತಗಾರ. ಆದರೆ ಬ್ಯಾಂಡಿನ ಗಾಯಕ ಮಯೆದ ನೊಬುತೆರು ಗಂಟಲಲ್ಲಿ ಕೇಳಿದವರಿಗೆ ಅದು ಅವರದ್ದೇ.

ನಾನು ಐದು ಹಾಡು ಕಲಿತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ನೋಡಿದರೆ ಉಚ್ಚಾರ ಕೆಡುತ್ತಿತ್ತು. ಕನ್ನಡದಲ್ಲಿ ಬರೆದುಕೊಂಡೆ, ಸರಿಹೋಯಿತು. ನೀವೂ ಹಾಗೇ ಮಾಡಿ. ಜಪಾನೀಸಿಗೆ ಹ್ರಸ್ವ, ದೀರ್ಘ, ಒತ್ತು ಮೂರೂ ಬೇಕು, ನಮ್ಮ ಲಿಪಿಯಲ್ಲಿ ಮೂರೂ ಇವೆ. ‘ಒಬಸನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಎಷ್ಟೋ ಸಲ ಎರಡನ್ನೂ ಒಂದೇ ಥರ ಬರೆದಿರುತ್ತಾರೆ.

ಜುಲೈ ಕೊನೆಯ ಶುಕ್ರವಾರ ಆಫೀಸಿನವರೆಲ್ಲ ಊಟಕ್ಕೆ ಸೇರಿದೆವು. ಅದು ಮುಗಿದ ಮೇಲೆ ‘ನಿಜಿಕೈ’, ಅಂದರೆ ಎರಡನೇ ಸುತ್ತು, ಕರೋಕೆ ರೂಮಿನಲ್ಲಿ. ಹತ್ತು ಜನ. ಹಾಡು ಆರಿಸುವ ಟ್ಯಾಬ್ಲೆಟ್ ಕೈಯಿಂದ ಕೈಗೆ ದಾಟುತ್ತಾ ನನ್ನ ಹತ್ತಿರ ಬಂತು. ನಾನು ಮೊದಲಿಗೇ ‘ಸೀಸನ್ ಇನ್ ದ ಸನ್’ ಒತ್ತಿದೆ. ಪರದೆಯ ಮೇಲೆ ಹೆಸರು ಬಂದಾಗ ಯಾರೂ ಕೂಗಲಿಲ್ಲ. ಪಕ್ಕದಲ್ಲಿ ಕೂತಿದ್ದವರು ತಂಬೂರಿನ್ ಎತ್ತಿಕೊಂಡಿದ್ದರು, ಅದನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಕಚೋ, ಅಂದರೆ ವಿಭಾಗದ ಮುಖ್ಯಸ್ಥರು, ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಖುಷಿಯಿಂದ ಹಾಡಿದೆ. ಚೆನ್ನಾಗಿಯೇ ಹಾಡಿದೆ.

ಕಚೋ ಆ ರಾತ್ರಿ ಹಾಡಲಿಲ್ಲ.

ವಿಷಯ ಗೊತ್ತಾಗಿದ್ದು ಸೋಮವಾರ. ಅದು ಅವರ ‘ಜೂಹಚಿಬನ್’. ಹಾಗಂದರೆ ಹದಿನೆಂಟನೇ ನಂಬರ್ ಅಂತ ಅರ್ಥ. ಕಬುಕಿ ಅಂದರೆ ಜಪಾನಿನ ಹಳೇ ಸಂಪ್ರದಾಯದ ನಾಟಕ. ಅದರ ಇಚಿಕಾವ ಮನೆತನದ ನಟರು ತಮ್ಮದೇ ಅಂತ ಹದಿನೆಂಟು ನಾಟಕ ಆರಿಸಿಟ್ಟುಕೊಂಡಿದ್ದರು. ಒಬ್ಬರ ಕೈಹಿಡಿದ ಹಾಡಿಗೂ ಅದೇ ಮಾತು ನಡೆಯುತ್ತದೆ. ಕಚೋ ಪ್ರತಿ ಬೇಸಿಗೆ, ರಾತ್ರಿಯ ಕೊನೆಯ ಹಾಡಾಗಿ, ಟೈ ಬಿಚ್ಚಿಟ್ಟು ಎದ್ದು ನಿಂತು ಅದೊಂದನ್ನೇ ಹಾಡುತ್ತಿದ್ದರಂತೆ. ಆ ಹಾಡು ಬಂದಾಗ ಅವರಿಗೆ ಇಪ್ಪತ್ತು ವಯಸ್ಸು. ಆಗಸ್ಟ್‌ನಲ್ಲಿ ಅವರಿಗೆ ಬೇರೆ ಊರಿಗೆ ವರ್ಗ ಆಗಿತ್ತು. ಅಂದರೆ ಅದು ಅವರನ್ನು ಕಳುಹಿಸಿಕೊಡುವ ರಾತ್ರಿ. ಇ-ಮೇಲ್ ಬಂದಿತ್ತು, ನನಗೂ ಬಂದಿತ್ತು. ನಾನು ಜಾಗ ಮತ್ತು ಸಮಯ ಮಾತ್ರ ನೋಡಿದ್ದೆ.

ಇಲ್ಲಿ ತಪ್ಪು ಯಾವುದು ಅಂತ ಬಿಡಿಸಿ ಹೇಳಬೇಕು. ಹಾಡು ಆರಿಸಿದ್ದು ತಪ್ಪಲ್ಲ. ಅದಕ್ಕಿಂತ ಒಳ್ಳೆಯ ಹಾಡು ಆ ರಾತ್ರಿಗೆ ಇರಲಿಲ್ಲ. ಪಕ್ಕದವರನ್ನು ಒಂದು ಮಾತು ಕೇಳದೆ ಹಾಡಿದ್ದು ತಪ್ಪು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಕೇಳಿ ಬೆಳೆದವನು ನಾನು. ಅಲ್ಲಿ ಎಲ್ಲರಿಗೂ ಗೊತ್ತಿರೋ ಹಾಡು ಹಾಡಿದವನೇ ಗೆದ್ದ. ಒನ್ಸ್ ಮೋರ್ ಅಂದರೆ ಮತ್ತೆ ಹಾಡಿದರೂ ಆಯಿತು. ಫೇಮಸ್ ಹಾಡು ಎಲ್ಲರದ್ದು ಅಂತ ನಾನು ತಿಳಿದಿದ್ದೆ. ಆ ಕರೋಕೆ ರೂಮಿನಲ್ಲಿ ಅದಕ್ಕೆ ಒಬ್ಬ ಯಜಮಾನ ಇದ್ದ. ಹಾಡು ಫೇಮಸ್ ಆದಷ್ಟೂ ಯಾರೋ ಒಬ್ಬರು ಅದನ್ನು ಇಪ್ಪತ್ತು ಮೂವತ್ತು ವರ್ಷದಿಂದ ತಮ್ಮದು ಮಾಡಿಕೊಂಡಿರುವ ಸಾಧ್ಯತೆ ಜಾಸ್ತಿ. ನಿಮ್ಮ ಟಾಪ್ ಹತ್ತರ ಪಟ್ಟಿ ಅಂದರೆ ಅಂಥ ಹತ್ತು ಹಾಡುಗಳೇ. ಕಚೋ ಹತ್ತಿರ ಕ್ಷಮೆ ಕೇಳಲು ಹೋದೆ. ಅವರು ನಕ್ಕು, “ನಿಮ್ಮ ಉಚ್ಚಾರ ತುಂಬಾ ಚೆನ್ನಾಗಿತ್ತು” ಅಂದರು. ಅಷ್ಟೇ. ಅವರ ಬಾಯಲ್ಲಿ ಆ ಹಾಡನ್ನು ನಾನು ಕೇಳಲೇ ಇಲ್ಲ.

ಹಾಗಾಗಿ ಹತ್ತು ಹಾಡಿನ ಪಟ್ಟಿ ನಾನು ಕೊಡುವುದಿಲ್ಲ. ಎರಡು ಸಾಕು. ಒಂದು, 1990ರ ‘ಆ ನತ್ಸುಯಸುಮಿ’. ‘ಆಹಾ, ಬೇಸಿಗೆ ರಜೆ’ ಅಂದ ಹಾಗೆ. ಯೊಕೊಹಾಮಾಕ್ಕೆ ಹತ್ತಿರದ ಶೋನಾನ್ ಕಡಲತೀರ, ಜೊಂಡಿನ ತಟ್ಟಿ, ಅಲ್ಲಿ ಕಂಡ ಹುಡುಗಿ, ಇದರಿಂದಲೇ ಶುರು. ಕೂಗುವ ಜಾಗಗಳು ಬೇಕಾದಷ್ಟಿವೆ, ಇಡೀ ರೂಮು ಸೇರಿಕೊಳ್ಳುತ್ತದೆ. ಇನ್ನೊಂದು, 1994ರ ‘ನತ್ಸು ಒ ದಕಿಶಿಮೆತೆ’, ‘ಬೇಸಿಗೆಯನ್ನು ಅಪ್ಪಿಕೊಂಡು’ ಅಂತ. ಮಯೆದ ಅವರ ದನಿ ತುಂಬಾ ಮೇಲೆ ಹೋಗುತ್ತದೆ. ರಿಮೋಟಿನಲ್ಲಿ ಶ್ರುತಿ ಎರಡು ಮೂರು ಮೆಟ್ಟಿಲು ಇಳಿಸಿಕೊಳ್ಳಿ, ಅದರಲ್ಲಿ ನಾಚಿಕೆ ಬೇಡ. ಡಿಸೆಂಬರ್ ಪಾರ್ಟಿಯಲ್ಲಿ ಮಾತ್ರ ಇವುಗಳನ್ನು ಮುಟ್ಟಬೇಡಿ.

ಕಲಿಯುವುದಕ್ಕಿಂತ ಕೇಳುವುದಕ್ಕೆ ಜಾಸ್ತಿ ಸಮಯ ಕೊಡಿ. 1985ರಲ್ಲಿ ಶುರು ಮಾಡಿದ ಅದೇ ನಾಲ್ಕು ಜನ, 1988ರಿಂದ ಯೊಕೊಹಾಮಾ ಸ್ಟೇಡಿಯಂನಲ್ಲಿ ಬೇಸಿಗೆಯ ಸಂಗೀತ ಕಚೇರಿ ನಡೆಸಿಕೊಂಡು ಬಂದವರು. ಅದು ಬೇಸ್‌ಬಾಲ್ ಮೈದಾನ, ಮೇಲೆ ಚಾವಣಿ ಇಲ್ಲ. ಕನ್ನೈ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಮುಂದಿನ ವರ್ಷ ನನಗೆ ಟಿಕೆಟ್ ಸಿಗಲಿಲ್ಲ. ಹೊರಗಿನ ಪಾರ್ಕಿನಲ್ಲಿ ನಿಂತೆ. ಹರುಹತ ಮಿಚಿಯ ಅವರ ಗಿಟಾರ್ ಗೋಡೆ ದಾಟಿ ಬರುತ್ತಿತ್ತು. ನನ್ನ ಪಕ್ಕ ಕಚೋ ವಯಸ್ಸಿನವರೊಬ್ಬರು ಆಫೀಸಿನ ಬ್ಯಾಗ್ ಎದೆಗೆ ಒತ್ತಿಕೊಂಡು, ಬಾಯಲ್ಲೇ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ, ಕೇಳಿಸಿಕೊಂಡೆ.

ಈ ಒಂದು ವಾಕ್ಯ ಬಾಯಿಪಾಠ ಮಾಡಿ: “ಕಚೋ ನೊ ಜೂಹಚಿಬನ್ ವ ನನ್ ದೆಸು ಕ?” ಕಚೋ ಅವರ ಹಾಡು ಯಾವುದು ಅಂತ. ಮೊದಲ ವಾರವೇ ಪಕ್ಕದ ಸೀಟಿನವರನ್ನು ಕೇಳಿ.