ಒಂದು ದಿನ ಮುಷ್ಕರಕ್ಕೆ ಹೋದರೆ ಪಿಂಚಣಿಗೆ ಕುತ್ತು ಬರುತ್ತಾ ಸರ್?

ಎನ್‌ಪಿಎಸ್ (ಸಂಬಳದಿಂದ ಕಡಿತವಾಗುವ ಹೊಸ ಪಿಂಚಣಿ ವ್ಯವಸ್ಥೆ) ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೇ ತಡ, ಪತ್ರಗಳ ರಾಶಿ ಬಿತ್ತು. ಮುಕ್ಕಾಲು ಪಾಲು ಮೇಷ್ಟ್ರುಗಳದ್ದೇ. ಖಜಾನೆಯಲ್ಲಿ ಪಿಂಚಣಿ ಕಡತಗಳ ನಡುವೆ ತಲೆ ಹಣ್ಣು ಮಾಡಿಕೊಂಡವನು ನಾನು, ಹಾಗಾಗಿ ಲೆಕ್ಕದ ಪ್ರಶ್ನೆಗಳೇ ಬರುತ್ತವೆ ಅಂದುಕೊಂಡಿದ್ದೆ. ಬಂದವುಗಳಲ್ಲಿ ಅರ್ಧದಷ್ಟು ಮುಷ್ಕರದ ಪ್ರಶ್ನೆಗಳು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಾನು 2008ರಲ್ಲಿ ಪ್ರಾಥಮಿಕ ಶಾಲೆಗೆ ಸೇರಿದವನು. ನಮ್ಮ ಹೆಡ್‌ಮಾಸ್ಟರ್ 2003ರವರು, ಅವರಿಗೆ ಹಳೆ ಪಿಂಚಣಿ (ಒಪಿಎಸ್). ಸಂಘದ ಸಭೆಗೆ ಹೋದರೆ ಎಲ್ಲರ ಬಾಯಲ್ಲೂ ಒಪಿಎಸ್. ಆದರೆ ನನ್ನ ಖಾತೆಯಲ್ಲೂ ಲಕ್ಷಗಟ್ಟಲೆ ದುಡ್ಡು ಕಾಣುತ್ತಿದೆಯಲ್ಲ, ಹಾಗಾದರೆ ನಷ್ಟ ಯಾವುದು? — ಶಿಕ್ಷಕ, ಹಾವೇರಿ ಜಿಲ್ಲೆ

ನಿಮ್ಮಿಬ್ಬರ ನಡುವೆ ಗೆರೆ ಎಳೆದದ್ದು 2006ರ ಏಪ್ರಿಲ್ 1. ಅಂದಿನಿಂದ ರಾಜ್ಯ ಸರ್ಕಾರದ ಸೇವೆಗೆ ಸೇರಿದವರೆಲ್ಲ ಎನ್‌ಪಿಎಸ್‌ಗೆ. ಕೇಂದ್ರದಲ್ಲಿ ಇದೇ ಗೆರೆ 2004ರ ಜನವರಿ 1ಕ್ಕೆ ಬಿತ್ತು.

ನಿಮ್ಮ ಹೆಡ್‌ಮಾಸ್ಟರರ ಲೆಕ್ಕ ಒಂದೇ ಸಾಲಿನದು. ಪೂರ್ಣ ಅರ್ಹತಾ ಸೇವೆ ಇದ್ದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ವೇತನ ಆಯೋಗ ಬಂದಾಗ ಪಿಂಚಣಿಯೂ ಪರಿಷ್ಕರಣೆಯಾಗುತ್ತದೆ. ಅವರ ಕಾಲಾನಂತರ ಮನೆಯವರಿಗೆ ಕುಟುಂಬ ಪಿಂಚಣಿ. ಇದಕ್ಕಾಗಿ ಅವರ ಸಂಬಳದಿಂದ ಒಂದು ರೂಪಾಯಿಯೂ ಕಡಿತವಾಗಿಲ್ಲ. ಜಿಪಿಎಫ್‌ಗೆ (ಸಾಮಾನ್ಯ ಭವಿಷ್ಯ ನಿಧಿಗೆ) ಕಟ್ಟಿದ್ದು ಅವರದೇ ಉಳಿತಾಯ, ಅದು ಬೇರೆ.

ನಿಮ್ಮದು ಬೇರೆ ಕಥೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ 10% ಪ್ರತಿ ತಿಂಗಳೂ ಕಡಿತವಾಗುತ್ತದೆ, ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಆ ಹಣ ಬಾಂಡು ಮತ್ತು ಷೇರುಗಳಿಗೆ ಹೋಗುತ್ತದೆ. ನಿವೃತ್ತಿಯ ದಿನ ಹೆಚ್ಚೆಂದರೆ 60% ಕೈಗೆ, ಕನಿಷ್ಠ 40% ಕಡ್ಡಾಯವಾಗಿ ವಿಮಾ ಕಂಪನಿಗೆ. ಆ 40 ಭಾಗದಿಂದ ಬರುವುದೇ ನಿಮ್ಮ ಮಾಸಿಕ ಪಿಂಚಣಿ.

ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಇಬ್ಬರದೂ ಕೊನೆಯ ಮೂಲ ವೇತನ 50,000 ಇರಲಿ. ಹೆಡ್‌ಮಾಸ್ಟರಿಗೆ 25,000, ಮೇಲೆ ತುಟ್ಟಿಭತ್ಯೆ. ನಿಮ್ಮ ಖಾತೆಯಲ್ಲಿ 60 ಲಕ್ಷ ಸೇರಿದೆ ಅನ್ನಿ. 36 ಲಕ್ಷ ಕೈಗೆ ಬಂತು, 24 ಲಕ್ಷ ಕಂಪನಿಗೆ ಹೋಯಿತು. ಅವರು ವರ್ಷಕ್ಕೆ 6% ಕೊಟ್ಟರೆ ತಿಂಗಳಿಗೆ 12,000. ಹತ್ತು ವರ್ಷ ಬಿಟ್ಟು ನೋಡಿದರೂ ಅದೇ 12,000. ಹೆಡ್‌ಮಾಸ್ಟರರ ಪಿಂಚಣಿ ಅಷ್ಟರಲ್ಲಿ ಎಲ್ಲಿಗೋ ಏರಿರುತ್ತದೆ.

ಹಾಗಂತ ಕೈಗೆ ಬಂದ 36 ಲಕ್ಷ ಸಣ್ಣ ಮೊತ್ತವಲ್ಲ. ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಚಪ್ಪಾಳೆ ಬೀಳುವ ಮಾತಲ್ಲ ನೋಡಿ. ಅದನ್ನೂ ಬಡ್ಡಿಗೆ ಹಾಕಿದರೆ ಮೊದಲ ಒಂದೆರಡು ವರ್ಷ ನಿಮ್ಮ ತಿಂಗಳ ಆದಾಯ ಹೆಡ್‌ಮಾಸ್ಟರಿಗೆ ಸಮವಾಗಿಯೇ ಇರಬಹುದು. ಆದರೆ ಅದರಲ್ಲಿ ಮಗಳ ಮದುವೆ ಆಗಬೇಕು, ಮನೆ ಸಾಲ ತೀರಬೇಕು. ನಾನು ಕಂಡಂತೆ ಆ ದುಡ್ಡು ಬ್ಯಾಂಕಿನಲ್ಲಿ ಎರಡು ದೀಪಾವಳಿ ಕಂಡದ್ದು ಕಡಿಮೆ.

ಆದ್ದರಿಂದ ಜಗಳ ಮೊತ್ತಕ್ಕಿಂತ ಹೆಚ್ಚಾಗಿ ಹೊಣೆಯ ಬಗ್ಗೆ. ಬೆಲೆ ಏರಿದರೆ, ಷೇರುಪೇಟೆ ಬಿದ್ದರೆ, ನೀವು 95 ವರ್ಷ ಬದುಕಿದರೆ, ಆ ಹೊರೆಯನ್ನು ಹೊರುವವರು ಯಾರು? ಹಳೆಯದರಲ್ಲಿ ಸರ್ಕಾರ ಹೊರುತ್ತಿತ್ತು, ಹೊಸದರಲ್ಲಿ ನೀವು ಹೊರುತ್ತೀರಿ.

ಸಂಘದವರು ಮುಷ್ಕರಕ್ಕೆ ಕರೆ ಕೊಟ್ಟರೆ ಶಾಲೆಗೆ ಹೋಗಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಒಂದು ದಿನ ಗೈರಾದರೆ ಸರ್ವಿಸ್ ಕಟ್ ಆಗುತ್ತದೆ, ಪಿಂಚಣಿಯೇ ಸಿಗುವುದಿಲ್ಲ ಎಂದು ಕ್ಲಸ್ಟರ್ ಸಭೆಯಲ್ಲಿ ಒಬ್ಬರು ಹೆದರಿಸಿದರು. ಇದು ನಿಜವೇ ಸರ್? — ಶಿಕ್ಷಕಿ, ಉತ್ತರ ಕನ್ನಡ

ಅರ್ಧ ನಿಜ ಮೇಡಂ.

ಮೊದಲು ಕಾನೂನು. ಸಂಘ ಕಟ್ಟುವುದು ಸಂವಿಧಾನ ಕೊಟ್ಟ ಹಕ್ಕು. ಮುಷ್ಕರ ಹಾಗಲ್ಲ. 1962ರಲ್ಲಿ ಬಿಹಾರದ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಂತಿಯುತ ಪ್ರದರ್ಶನವನ್ನು ಪೂರ್ತಿ ನಿಷೇಧಿಸುವಂತಿಲ್ಲ, ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ ಎಂದಿತು. ಕಾರ್ಖಾನೆಯ ಕಾರ್ಮಿಕರಿಗಾದರೂ ಕೈಗಾರಿಕಾ ವಿವಾದ ಕಾಯ್ದೆಯ ಆಸರೆ ಇತ್ತು. ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ'ರಲ್ಲ ಎಂದು 1988ರಲ್ಲಿ ಗೋವಾದ ಎ. ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಪಾಯಿತು. ಇದರ ಮೇಲೆ ಮುಷ್ಕರ ಕೂಡದು ಎನ್ನುವ ನಮ್ಮ ನಡತೆ ನಿಯಮಗಳು ಬೇರೆ.

ತಮಿಳುನಾಡಿನ 2003ರ ಕಥೆ ನಿಮಗೆ ನೆನಪಿರಬಹುದು. ಪಿಂಚಣಿಯೂ ಸೇರಿದಂತೆ ಹಲವು ಸೌಲಭ್ಯಗಳಿಗೆ ಕತ್ತರಿ ಬಿದ್ದದ್ದಕ್ಕೆ ಜುಲೈ ಮೊದಲ ವಾರ ಸರ್ಕಾರಿ ನೌಕರರೂ ಶಿಕ್ಷಕರೂ ಮುಷ್ಕರ ಹೂಡಿದರು. ಜಯಲಲಿತಾ ಸರ್ಕಾರ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಮಾದರಿಯ ಕಾಯ್ದೆ ಬಳಸಿ ಸುಮಾರು 1.7 ಲಕ್ಷ ಜನರನ್ನು ವಜಾ ಮಾಡಿತು. ಆಗಸ್ಟ್ 6ರಂದು ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸರ್ಕಾರಿ ನೌಕರರಿಗೆ ಮುಷ್ಕರ ಹೂಡಲು ಮೂಲಭೂತ ಹಕ್ಕೂ ಇಲ್ಲ, ಕಾನೂನಿನ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ. 'ನೈತಿಕ' ಎಂಬ ಮಾತು ಕೋರ್ಟಿನ ಕೆಲಸದ ಎಲ್ಲೆ ಮೀರಿತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಅದೇನೇ ಇರಲಿ, ಹೆಚ್ಚಿನವರು ಕ್ಷಮೆ ಕೇಳಿ ಮುಚ್ಚಳಿಕೆ ಬರೆದುಕೊಟ್ಟು ಕೆಲಸಕ್ಕೆ ಮರಳಿದರು.

ಹಾಗಾದರೆ ನಮ್ಮಲ್ಲಿ ಆಗುವುದೇನು? 2023ರ ಮಾರ್ಚ್ 1 ನೋಡಿ. ರಾಜ್ಯ ಸರ್ಕಾರಿ ನೌಕರರ ಸಂಘದ ಕರೆಗೆ ಬೆಳಿಗ್ಗೆ ಕಚೇರಿ, ಶಾಲೆಗಳ ಬಾಗಿಲು ಮುಚ್ಚಿದವು. ಅದೇ ದಿನ ಬೊಮ್ಮಾಯಿ ಸರ್ಕಾರ ಮೂಲ ವೇತನಕ್ಕೆ 17% ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು, ಒಪಿಎಸ್ ಅಧ್ಯಯನಕ್ಕೆ ಸಮಿತಿ ಎಂದಿತು, ಮುಷ್ಕರ ಮುಗಿಯಿತು. ಲಕ್ಷಾಂತರ ಜನ ಒಟ್ಟಿಗೆ ಹೊರಗೆ ನಿಂತಾಗ ನೋಟಿಸು ಕೊಡುವವರೂ ಅವರ ಜೊತೆಗೇ ನಿಂತಿರುತ್ತಾರೆ. ಹತ್ತೇ ಜನ ನಿಂತರೆ ಅದೇ ನಿಯಮಕ್ಕೆ ಹಲ್ಲು ಬರುತ್ತದೆ. ನಿಯಮ ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಇನ್ನು ನಿಮ್ಮ ಪಿಂಚಣಿಯ ಲೆಕ್ಕ. ಗೈರಾದ ದಿನಕ್ಕೆ ಸಂಬಳವಿಲ್ಲ, ಅದು ಖಚಿತ. ಆಮೇಲೆ ಆ ದಿನವನ್ನು ಸೇವಾ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ ಎಂಬುದೇ ಮುಖ್ಯ. ರಜೆ ಎಂದು ಮಂಜೂರು ಮಾಡಿದರೆ ತೊಂದರೆಯಿಲ್ಲ. ಡೈಸ್ ನಾನ್ ಎಂದು ಬರೆದರೆ ಆ ದಿನ ಸೇವೆಗೆ ಲೆಕ್ಕವಿಲ್ಲ, ಹಿಂದಿನ ಸೇವೆ ಹಾಗೇ ಉಳಿಯುತ್ತದೆ. ಭಯಪಡಬೇಕಾದದ್ದು 'ಸೇವೆಯಲ್ಲಿ ಖಂಡ' (ಸರ್ವಿಸ್ ಬ್ರೇಕ್) ಎಂಬ ಆದೇಶಕ್ಕೆ. ಅದಾದರೆ ಹಿಂದಿನ ಸೇವೆಯೇ ಎಣಿಕೆಯಿಂದ ಹೋಗಬಹುದು. ನೋಟಿಸು ಕೊಡದೆ, ನಿಮ್ಮ ಉತ್ತರ ಕೇಳದೆ ಹಾಗೆ ಬರೆದರೆ ಪ್ರಶ್ನಿಸಲು ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಇದೆ. ನೀವು ಎನ್‌ಪಿಎಸ್‌ನವರಾದರೆ ನಿಧಿಗೆ ಹೋಗುವುದರಲ್ಲಿ ಒಂದು ದಿನದ ಪಾಲು ಕಡಿಮೆ, ಕೂಡಿಟ್ಟದ್ದಕ್ಕೆ ಯಾರೂ ಕೈ ಹಾಕುವಂತಿಲ್ಲ.

ಹೋಗಬೇಕೋ ಬಿಡಬೇಕೋ ಎಂಬುದನ್ನು ನೀವೇ ತೀರ್ಮಾನಿಸಬೇಕು. ಪ್ರೊಬೇಷನ್ ಮುಗಿಯದವರು ಮಾತ್ರ ಎರಡು ಸಲ ಯೋಚಿಸಲಿ.

2005ರ ಅಧಿಸೂಚನೆಯಲ್ಲಿ ಆಯ್ಕೆಯಾದೆ, ಆದೇಶ ಕೈಗೆ ಬಂದು ಸೇರುವ ಹೊತ್ತಿಗೆ 2007. ನನ್ನದು ಯಾವ ಪಿಂಚಣಿ? — ಶಿಕ್ಷಕ, ತುಮಕೂರು

2006ರ ಏಪ್ರಿಲ್ 1ಕ್ಕೆ ಮೊದಲೇ ಅಧಿಸೂಚನೆಯಾಗಿ, ಆಮೇಲೆ ಸೇರಿದ ಸುಮಾರು 13,000 ನೌಕರರಿಗೆ ಹಳೆ ಪಿಂಚಣಿ ಅನ್ವಯಿಸುವ ಆದೇಶವನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದೆ. ಕೇಂದ್ರ ಇದೇ ಬಗೆಯ ಅವಕಾಶವನ್ನು 2023ರಲ್ಲೇ ಕೊಟ್ಟಿತ್ತು. ಅಧಿಸೂಚನೆಯ ಪ್ರತಿ, ಆಯ್ಕೆ ಪಟ್ಟಿ, ನೇಮಕಾತಿ ಆದೇಶ ಮೂರನ್ನೂ ಹಿಡಿದು ಬಿಇಒ ಕಚೇರಿಗೆ ಹೋಗಿ. ಬಾಯಿಮಾತಿಗೆ ಒಪ್ಪಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಗ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ನಮಗೆ ಕೂಲಿ ಮಾಡಿದರೆ ಊಟ, ಪಿಂಚಣಿ ಎಂಬುದೇ ಇಲ್ಲ. ತಿಂಗಳು ತಿಂಗಳು ಸಂಬಳ ಎಣಿಸುವ ಮೇಷ್ಟ್ರುಗಳು ಪಾಠ ಬಿಟ್ಟು ಬೀದಿಗಿಳಿಯುವುದು ಸರಿಯೇ? — ತಂದೆ, ರಾಯಚೂರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಮುಷ್ಕರದ ದಿನ ನಷ್ಟವಾಗುವುದು ಸರ್ಕಾರಕ್ಕಲ್ಲ, ಅದಕ್ಕೆ ಒಂದು ದಿನದ ಸಂಬಳ ಉಳಿಯುತ್ತದೆ. ನಷ್ಟ ನಿಮ್ಮ ಮಗನಿಗೆ, ಮಧ್ಯಾಹ್ನದ ಬಿಸಿಯೂಟ ನಂಬಿಕೊಂಡ ಮಕ್ಕಳಿಗೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೆಯವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಮುಷ್ಕರದಲ್ಲಿ ಹೋದ ದಿನವನ್ನು ಶನಿವಾರ ಮಧ್ಯಾಹ್ನವೋ ರಜೆಯಲ್ಲೋ ತುಂಬಿಕೊಡಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನೀವು ಧಾರಾಳವಾಗಿ ಕೇಳಬಹುದು.

ಆದರೆ ಇನ್ನೊಂದು ಮಾತೂ ಇದೆ. ಪಿಂಚಣಿ ದಯೆಯ ಕಾಣಿಕೆಯಲ್ಲ, ದುಡಿದದ್ದಕ್ಕೆ ಸಲ್ಲಬೇಕಾದದ್ದು ಎಂದು 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆ ತಾರೀಖನ್ನು ಇವತ್ತಿಗೂ ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ. ಕೂಲಿಯವರಿಗೆ ಪಿಂಚಣಿ ಇಲ್ಲ ಎಂಬುದು ಮೇಷ್ಟ್ರಿಗೂ ಬೇಡ ಎನ್ನಲು ಕಾರಣವಾಗಬಾರದು. ನಿಮಗೂ ಬೇಕು ಎನ್ನಲು ಕಾರಣವಾಗಬೇಕು.

ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಟೀಚರ್. ಅಲ್ಲೂ ಪಿಂಚಣಿಗಾಗಿ ಶಾಲೆ ಮುಚ್ಚಿದ್ದರಂತೆ. ಅಷ್ಟು ಶ್ರೀಮಂತ ದೇಶದಲ್ಲೂ ಇದೇ ಗೋಳೇ? — ನಿವೃತ್ತ ಉಪನ್ಯಾಸಕರು, ಮೈಸೂರು

ಹೌದು, 2011ರಲ್ಲಿ ಎರಡು ಸಲ. ಜೂನ್ 30ಕ್ಕೆ ಒಮ್ಮೆ, ನವೆಂಬರ್ 30ಕ್ಕೆ ಇನ್ನೂ ದೊಡ್ಡದಾಗಿ. ನೂರು ವರ್ಷ ದಾಟಿದ ಹೆಡ್‌ಮಾಸ್ಟರುಗಳ ಸಂಘವೂ ತನ್ನ ಚರಿತ್ರೆಯಲ್ಲೇ ಮೊದಲ ಸಲ ನವೆಂಬರಿನಲ್ಲಿ ಬೀದಿಗಿಳಿಯಿತು. ಹೆಚ್ಚು ಕಟ್ಟಿ, ಹೆಚ್ಚು ವರ್ಷ ದುಡಿಯಿರಿ, ಪಿಂಚಣಿಯನ್ನು ಕೊನೆಯ ಸಂಬಳದ ಬದಲು ಇಡೀ ಸೇವೆಯ ಸರಾಸರಿಯ ಮೇಲೆ ಲೆಕ್ಕ ಹಾಕುತ್ತೇವೆ ಎಂದಿತ್ತು ಸರ್ಕಾರ. 2015ರ ಏಪ್ರಿಲ್‌ನಿಂದ ಅದು ಜಾರಿಗೂ ಬಂತು. ಈಗ ಅಲ್ಲಿನ ಶಿಕ್ಷಕರಿಗೆ ಪ್ರತಿ ವರ್ಷದ ಸಂಬಳದ 57ರಲ್ಲಿ ಒಂದು ಭಾಗ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ.

ಎರಡು ವ್ಯತ್ಯಾಸ ಗಮನಿಸಿ. ಅವರು ಸೋತರೂ ಖಚಿತ ಪಿಂಚಣಿ ಉಳಿಯಿತು, ಬೆಲೆಯೇರಿಕೆಗೆ ತಕ್ಕಂತೆ ಏರುವುದೂ ಉಳಿಯಿತು. ಷೇರುಪೇಟೆಗೆ ಯಾರನ್ನೂ ತಳ್ಳಲಿಲ್ಲ. ಇನ್ನೊಂದು, ಅಲ್ಲಿ ಸದಸ್ಯರ ಮತ ಪಡೆದು, ಮುಂಚಿತ ನೋಟಿಸು ಕೊಟ್ಟು ಮುಷ್ಕರ ಹೂಡಿದರೆ ಕಾನೂನಿನ ರಕ್ಷಣೆ ಇದೆ. ನಮ್ಮ ಮೇಷ್ಟ್ರುಗಳಿಗೆ ಅದಿಲ್ಲ.

ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಬಂದರೆ ಸಾಕಲ್ಲವೇ, ಒಪಿಎಸ್ ಏಕೆ? — ಇಬ್ಬರು ಓದುಗರು

ಯುಪಿಎಸ್ 2025ರ ಏಪ್ರಿಲ್ 1ರಿಂದ ಬಂದದ್ದು ಕೇಂದ್ರ ನೌಕರರಿಗೆ. 25 ವರ್ಷ ಸೇವೆಯಾದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಮೇಲೆ ತುಟ್ಟಿಪರಿಹಾರ. 10 ವರ್ಷ ಸೇವೆ ಇದ್ದರೆ ಕನಿಷ್ಠ 10,000. ಆದರೆ ನಿಮ್ಮ 10% ಕಡಿತ ನಿಲ್ಲುವುದಿಲ್ಲ. ಒಪಿಎಸ್‌ನಷ್ಟು ಸಿಹಿಯಲ್ಲ, ಎನ್‌ಪಿಎಸ್‌ನ ಆತಂಕವೂ ಇಲ್ಲ. ರಾಜ್ಯಗಳು ಬೇಕಿದ್ದರೆ ಅಳವಡಿಸಿಕೊಳ್ಳಬಹುದು. ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳು ಒಪಿಎಸ್‌ಗೆ ಮರಳುತ್ತೇವೆ ಎಂದಾಗ ಎನ್‌ಪಿಎಸ್ ನಿಧಿಯಲ್ಲಿದ್ದ ಹಣ ವಾಪಸು ಕೇಳಿದವು. ಹಾಗೆ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಿತು ಕೇಂದ್ರ. ವೇದಿಕೆಯ ಮೇಲೆ ಭರವಸೆ ಕೊಡುವವರನ್ನು ನಿಧಿಯ ಹಣ ವಾಪಸು ಬರುವುದು ಹೇಗೆ ಎಂಬ ಈ ಒಂದು ಪ್ರಶ್ನೆ ಕೇಳಿ ನೋಡಿ, ಮಾತು ಬೇರೆ ಕಡೆ ತಿರುಗುತ್ತದೆ.

ಎನ್‌ಪಿಎಸ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಸೇರಿದ ಮೊದಲ ವರ್ಷದ ಕಂತುಗಳೇ ಇಲ್ಲ! — ಶಿಕ್ಷಕಿ, ಚಿತ್ರದುರ್ಗ

ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಮೊದಲ ವರ್ಷಗಳಲ್ಲಿ ಪ್ರಾನ್ ನಂಬರ್ (ಎನ್‌ಪಿಎಸ್ ಖಾತೆಯ ಸಂಖ್ಯೆ) ಬರುವುದೇ ತಡವಾಗುತ್ತಿತ್ತು. ಸಂಬಳದಲ್ಲಿ ಕಡಿತವಾದರೂ ಖಾತೆಗೆ ಜಮೆಯಾಗದೆ ಉಳಿದದ್ದುಂಟು, ಕಡಿತವೇ ಆಗದ್ದೂ ಉಂಟು. ಎರಡೂ ಪಾಲು ಸೇರಿ ತಿಂಗಳಿಗೆ 8,000 ಹೋಗಬೇಕಿತ್ತು ಅನ್ನಿ. ವರ್ಷಕ್ಕೆ 96,000. ಅದು 9%ರಂತೆ 20 ವರ್ಷ ಬೆಳೆದಿದ್ದರೆ ಸುಮಾರು 5.4 ಲಕ್ಷ. ಒಂದು ದಿನದ ಮುಷ್ಕರದಿಂದ ಆಗುವ ನಷ್ಟಕ್ಕೆ ಹೆದರುವವರು ಇದನ್ನು ತೆಗೆದು ನೋಡುವುದೇ ಇಲ್ಲ.

ಹೀಗೆ ಮಾಡಿ. ಮೊದಲ ಸಂಬಳದಿಂದ ಈಚಿನವರೆಗಿನ ವೇತನ ಚೀಟಿಗಳನ್ನು ಎಚ್‌ಆರ್‌ಎಂಎಸ್‌ನಿಂದ (ನೌಕರರ ಸಂಬಳದ ತಂತ್ರಾಂಶದಿಂದ) ತೆಗೆಸಿ. ಒಂದು ಹಾಳೆಯಲ್ಲಿ ತಿಂಗಳು, ಕಡಿತವಾದದ್ದು, ಸ್ಟೇಟ್‌ಮೆಂಟಿನಲ್ಲಿ ಜಮೆಯಾದದ್ದು ಎಂದು ಮೂರು ಕಾಲಂ ಹಾಕಿ. ಖಾಲಿ ಉಳಿದ ತಿಂಗಳುಗಳಿಗೆ ಕೆಂಪು ಶಾಯಿಯ ಗೆರೆ ಎಳೆಯಿರಿ. ಅದರ ಜೊತೆ ಡಿಡಿಒ (ಸಂಬಳ ಬಟವಾಡೆ ಅಧಿಕಾರಿ) ಅವರಿಗೆ ಅರ್ಜಿ ಕೊಡಿ, ಪ್ರತಿ ಖಜಾನೆಗೆ. ಬರೀ "ನನ್ನ ಹಣ ಬಂದಿಲ್ಲ" ಎಂಬ ಅರ್ಜಿ ನನ್ನ ಮೇಜಿನ ಮೇಲೂ ವಾರಗಟ್ಟಲೆ ಕೂತದ್ದುಂಟು, ಸುಳ್ಳೇಕೆ ಹೇಳಲಿ. ಕೆಂಪು ಗೆರೆಯ ಹಾಳೆ ಬಂದ ದಿನ ಮಾತ್ರ ಕಡತ ಏಳುತ್ತಿತ್ತು.