ಗ್ಯಾಸ್ ತುಂಬಿದ ಮೇಲೂ ಸಿಗಾರ್ ಟಾರ್ಚ್ ಲೈಟರ್ ಹತ್ತದಿದ್ದರೆ

ಗ್ಯಾಸ್ ತುಂಬಿದ ಮೇಲೂ ಲೈಟರಿನಲ್ಲಿ ಕಿಡಿ ಬರುತ್ತದೆ, ಬುಸ್ ಅನ್ನುತ್ತದೆ, ಆದರೆ ಉರಿ ಹತ್ತಿ ಉಳಿಯುವುದಿಲ್ಲ ಅಂದರೆ, ಬಹುಶಃ ಟ್ಯಾಂಕಿನೊಳಗೆ ಗಾಳಿ ಸೇರಿದೆ. ಈಗಲೇ ಹೊಸ ಲೈಟರ್ ಕೊಳ್ಳಬೇಡಿ. ಬೆಂಕಿ ಇಲ್ಲದ ಬಯಲಿನಲ್ಲಿ ಲೈಟರನ್ನು ತಲೆಕೆಳಗೆ ಹಿಡಿದು, ತಳದ ವಾಲ್ವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿ. ಗ್ಯಾಸ್ ಹೊರಬರುವ ಸದ್ದು ಪೂರ್ತಿ ನಿಲ್ಲುವವರೆಗೂ ಬಿಡಬೇಡಿ, ಇದೇ ಮುಖ್ಯ. ಉರಿ ಹೆಚ್ಚು-ಕಮ್ಮಿ ಮಾಡುವ ಚಕ್ರವನ್ನು ಪೂರ್ತಿ ಕಮ್ಮಿ ಮಾಡಿ, ತಲೆಕೆಳಗೆ ಹಿಡಿದ ಲೈಟರಿನ ವಾಲ್ವಿನ ಮೇಲೆ ಒಳ್ಳೆಯ ಬ್ಯುಟೇನ್ (ಲೈಟರ್ ಗ್ಯಾಸ್) ಡಬ್ಬಿಯನ್ನು ನೆಟ್ಟಗೆ ಬೋರಲಿಟ್ಟು ನಾಲ್ಕೈದು ಸೆಕೆಂಡ್ ಒತ್ತಿ. ಲೈಟರ್ ತಣ್ಣಗೆ ಕೊರೆಯುತ್ತಿರುತ್ತದೆ, ಐದ್ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೂ ಹತ್ತದಿದ್ದರೆ ಜೆಟ್ಟಿನ, ಅಂದರೆ ಉರಿ ಹೊರಬರುವ ಕೊಳವೆಯ, ತೂತಿನಲ್ಲಿ ಧೂಳಿರಬಹುದು, ಕೀಬೋರ್ಡ್ ಸ್ವಚ್ಛ ಮಾಡುವ ಗಾಳಿ ಡಬ್ಬಿಯಿಂದ ಊದಿ. ಅದಕ್ಕೂ ಬಗ್ಗದಿದ್ದರೆ ಬೇರೆ ತೆಗೆದುಕೊಳ್ಳಿ: ಒಂದೇ ಜೆಟ್ಟಿನದು, ಗ್ಯಾಸ್ ಮಟ್ಟ ಕಾಣುವಂಥದ್ದು. ಮೂರು ಜೆಟ್ಟಿನವು ಗ್ಯಾಸ್ ಜಾಸ್ತಿ ಕುಡಿಯುತ್ತವೆ.