ಸ್ಟೋರೇಜ್ ಇಂಟರಪ್ಟ್‌ಗಳೆಲ್ಲ ಒಂದೇ ಕೋರ್‌ಗೆ ಹೋಗುತ್ತಿವೆಯೇ?

ಪ್ರಶ್ನೆ: ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ನಲ್ಲಿ 16 ಕೋರ್‌ಗಳಿವೆ. ಸ್ಟೋರೇಜ್ ಅಡಾಪ್ಟರ್‌ನ ಇಂಟರಪ್ಟ್‌ಗಳಲ್ಲಿ (ಕೆಲಸ ಮುಗಿಯಿತೆಂದು ಸಾಧನವು ಪ್ರೊಸೆಸರ್‌ಗೆ ಕಳಿಸುವ ಸೂಚನೆಗಳಲ್ಲಿ) ಹೆಚ್ಚಿನವು ಮೊದಲನೆಯ ಕೋರ್‌ನ ಲೆಕ್ಕದಲ್ಲೇ ಕಾಣುತ್ತವೆ. ಅವನ್ನು ಬೇರೆ ಕೋರ್‌ಗಳಿಗೆ ಹಂಚಲು ಹೋದರೆ ಇನ್‌ಪುಟ್-ಔಟ್‌ಪುಟ್ ದೋಷವೆಂಬ ಸಂದೇಶ ಬರುತ್ತದೆ. ಹಂಚಿಕೆ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ನೀವು ನೋಡಿರುವುದು ಪ್ರೊಕ್ ಡೈರೆಕ್ಟರಿಯಲ್ಲಿರುವ, ಪ್ರತಿ ಕೋರ್‌ಗೆ ಬಂದ ಇಂಟರಪ್ಟ್‌ಗಳನ್ನು ಎಣಿಸಿಡುವ 'ಇಂಟರಪ್ಟ್ಸ್' ಫೈಲನ್ನು ಎಂದುಕೊಳ್ಳುತ್ತೇನೆ. ಅಲ್ಲಿರುವ ಅಂಕಿಗಳು ಯಂತ್ರ ಬೂಟ್ ಆದಾಗಿನಿಂದ ಕೂಡುತ್ತ ಬಂದ ಮೊತ್ತಗಳಾದ್ದರಿಂದ, ಎಂದೋ ಒಂದು ದಿನ ಒಂದೇ ಕೋರ್‌ನಿಂದ ನಡೆದ ದೊಡ್ಡ ಬ್ಯಾಕಪ್ ಕೂಡ ಇಂದಿನ ಚಿತ್ರವನ್ನು ಕೆಡಿಸಬಲ್ಲದು. ಆದ್ದರಿಂದ ಯಂತ್ರದ ಮೇಲೆ ಕೆಲಸದ ಹೊರೆ ಇರುವಾಗಲೇ 10 ಸೆಕೆಂಡುಗಳ ಅಂತರದಲ್ಲಿ ಆ ಫೈಲನ್ನು ಎರಡು ಸಲ ನಕಲು ಮಾಡಿಕೊಂಡು, ಅಡಾಪ್ಟರ್‌ಗೆ ಸೇರಿದ ಸಾಲುಗಳ ವ್ಯತ್ಯಾಸವನ್ನು ಮಾತ್ರ ಲೆಕ್ಕ ಹಾಕಿ. ಅಡಾಪ್ಟರ್‌ಗೆ ಒಂದೇ ಒಂದು ಸಾಲು ಇದ್ದರೆ ಅದು ಒಂದೇ ವೆಕ್ಟರ್ (ಇಂಟರಪ್ಟ್ ಬರುವ ಪ್ರತ್ಯೇಕ ದಾರಿ) ಬಳಸುತ್ತಿದೆ ಎಂದರ್ಥ. ಆಗ ಹಂಚುವುದಕ್ಕೆ ಏನೂ ಇಲ್ಲ, ಒಂದೇ ಸಾಧನಕ್ಕೆ ಹಲವು ವೆಕ್ಟರ್‌ಗಳನ್ನು ಕೊಡುವ ಎಂಎಸ್ಐ-ಎಕ್ಸ್ ವಿಧಾನವನ್ನು ಡ್ರೈವರ್ ಏಕೆ ಬಳಸುತ್ತಿಲ್ಲವೆಂದು ಹುಡುಕಬೇಕು.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಹೊರೆಯನ್ನು ಹಾಕುವ ರೀತಿಯಲ್ಲಿ. ಎನ್‌ವಿಎಂಇ ಎಸ್ಎಸ್‌ಡಿಯಂತಹ ಬಹು-ಕ್ಯೂ ಸಾಧನಗಳಲ್ಲಿ (ಕ್ಯೂ ಎಂದರೆ ಓದು-ಬರಹದ ಕೋರಿಕೆಗಳ ಸರತಿ) ಪ್ರತಿ ಕೋರ್‌ಗೂ, ಇಲ್ಲವೇ ಕೆಲವು ಕೋರ್‌ಗಳ ಗುಂಪಿಗೂ, ಒಂದೊಂದು ಕ್ಯೂ ಇರುತ್ತದೆ. ಕೋರಿಕೆಯನ್ನು ಸಲ್ಲಿಸಿದ ಕೋರ್‌ನ ಕ್ಯೂಗೆ ಸೇರಿದ ವೆಕ್ಟರ್ ಮೂಲಕವೇ ಅದು ಮುಗಿದ ಸೂಚನೆ ಮರಳಿ ಬರುತ್ತದೆ. ಹಾಗಾಗಿ ಒಂದೇ ಪ್ರಕ್ರಿಯೆಯಿಂದ ಡಿಸ್ಕ್ ಓದಿಸಿ, ಉಳಿದ ಕೋರ್‌ಗಳಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಹಂಚಿಕೆ ಕೆಟ್ಟಿದೆ ಎನ್ನುವುದು ಅನ್ಯಾಯ. ಡಿಸ್ಕ್ ಮೇಲೆ ಹೊರೆ ಹಾಕಿ ಅಳೆಯುವ ಎಫ್ಐಒ ಉಪಕರಣದಲ್ಲಿ 16 ಕೆಲಸಗಳನ್ನು ಆರಂಭಿಸಿ, ಒಂದೊಂದನ್ನೂ ಒಂದೊಂದು ಕೋರ್‌ಗೆ ಕಟ್ಟಿಹಾಕಿ, ಪೇಜ್ ಕ್ಯಾಶ್ (ಓದಿದ್ದನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ) ಅಡ್ಡ ಬರದಂತೆ ಡೈರೆಕ್ಟ್ ಆಯ್ಕೆಯೊಂದಿಗೆ 4 ಕಿಲೋಬೈಟ್‌ಗಳ ಯಾದೃಚ್ಛಿಕ ಓದನ್ನು ನಡೆಸಿ. ಬರವಣಿಗೆಯ ಪರೀಕ್ಷೆಯನ್ನು ಮಾತ್ರ ದತ್ತಾಂಶವಿರುವ ಡಿಸ್ಕ್ ಮೇಲೆ ದಯವಿಟ್ಟು ಮಾಡಬೇಡಿ, ಇದ್ದದ್ದೆಲ್ಲ ಅಳಿಸಿಹೋಗಬಹುದು. ಅನಂತರ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಸರಿಸುತ್ತ ಹೋದರೆ, ಯಾವ ಕೋರ್ ಯಾವ ವೆಕ್ಟರ್‌ಗೆ ಸೇರಿದೆ ಎಂಬ ನಕ್ಷೆಯೇ ನಿಮ್ಮ ಕೈಗೆ ಸಿಗುತ್ತದೆ.

ನಿಮಗೆ ಬಂದ ದೋಷದ ಸಂದೇಶ ಅಡಾಪ್ಟರ್ ಕೆಟ್ಟಿರುವುದರ ಲಕ್ಷಣವಾಗಿರಬೇಕಿಲ್ಲ. ಈಚಿನ ಕರ್ನಲ್‌ಗಳಲ್ಲಿ (ಲಿನಕ್ಸ್‌ನ ತಿರುಳಿನ ಆವೃತ್ತಿಗಳಲ್ಲಿ) ಹಲವು ಸ್ಟೋರೇಜ್ ಡ್ರೈವರ್‌ಗಳ ವೆಕ್ಟರ್‌ಗಳನ್ನು ಕರ್ನಲ್ ತಾನೇ ಹಂಚಿ ನಿರ್ವಹಿಸುತ್ತದೆ. ಅಂತಹ ಇಂಟರಪ್ಟ್ ಯಾವ ಕೋರ್‌ಗಳಿಗೆ ಹೋಗಬಹುದೆಂದು ಪಟ್ಟಿ ಮಾಡುವ 'ಎಸ್ಎಂಪಿ ಅಫಿನಿಟಿ' ಫೈಲಿಗೆ ಬರೆಯಹೋದರೆ ಇದೇ ಉತ್ತರ ಬರುತ್ತದೆ, ಇಂಟರಪ್ಟ್‌ಗಳನ್ನು ತಾನಾಗಿ ಹಂಚುವ ಐಆರ್‌ಕ್ಯು ಬ್ಯಾಲೆನ್ಸ್ ಸೇವೆ ಕೂಡ ಅವನ್ನು ಕದಲಿಸಲಾರದು. ಅದೇ ಜಾಗದಲ್ಲಿರುವ 'ಎಫೆಕ್ಟಿವ್ ಅಫಿನಿಟಿ' ಫೈಲನ್ನೂ ಓದಿ: ಅನುಮತಿಯ ಪಟ್ಟಿಯಲ್ಲಿ ನಾಲ್ಕು ಕೋರ್‌ಗಳಿದ್ದರೂ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಯಂತ್ರಗಳಲ್ಲಿ ಇಂಟರಪ್ಟ್ ಸಾಮಾನ್ಯವಾಗಿ ಅವುಗಳಲ್ಲಿ ಒಂದಕ್ಕೇ ತಲುಪುತ್ತಿರುತ್ತದೆ, ಆ ಒಂದು ಯಾವುದೆಂದು ಈ ಫೈಲ್ ತಿಳಿಸುತ್ತದೆ. ಕ್ಯೂಗಳು ಕೋರ್‌ಗಳಿಗಿಂತ ಕಡಿಮೆಯಿದ್ದು ಒಂದು ಕೋರ್ ಬಳಲುತ್ತಿದ್ದರೆ, ಬ್ಲಾಕ್ ಸಾಧನದ (ಡಿಸ್ಕ್‌ನ) 'ಆರ್‌ಕ್ಯು ಅಫಿನಿಟಿ' ಎಂಬ ಸೆಟ್ಟಿಂಗನ್ನು 2ಕ್ಕೆ ಬದಲಿಸಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ. ಇಂಟರಪ್ಟ್ ಮೊದಲಿನ ಕೋರ್‌ಗೇ ಬರುತ್ತದೆ, ಆದರೆ ಕೋರಿಕೆಯನ್ನು ಮುಗಿಸುವ ಕೆಲಸ ಅದನ್ನು ಸಲ್ಲಿಸಿದ ಕೋರ್‌ಗೆ ಮರಳುತ್ತದೆ.